ಕಟ್ಟಿದ್ರೆ ನಿಲ್ಲದ ಕುದುರೆ: ಹಿಂದಕ್ಕೆ ಜಗ್ಗೋದನ್ನ ಬಿಡಿಸೋದು ಹೆಂಗೆ?

ತೋಟದಮನೆ_ಗುಬ್ಬಿ:
ಎಲ್ರಿಗೂ ನಮಸ್ಕಾರ. ಗುಬ್ಬಿ ತಾಲ್ಲೂಕು ನಮ್ದು, ತೆಂಗು ಅಡಿಕೆ ತೋಟ. ದನ ಸಾಕಿ ಗೊತ್ತು, ಕುದುರೆ ಇದೇ ಮೊದಲು. ಮದುವೆ ಮೆರವಣಿಗೆಗೆ ಬಾಡಿಗೆ ಬಿಡ್ತಿದ್ದ ಒಬ್ಬರ ಹತ್ರ ಹೆಣ್ಣು ಕುದುರೆ ತಗೊಂಡೆ. ಆರು ವರ್ಷ ಅಂದ್ರು, ಹಲ್ಲು ನೋಡಿದ ಡಾಕ್ಟ್ರೂ ಹೆಚ್ಚುಕಮ್ಮಿ ಅಷ್ಟೇ ಅಂದ್ರು. ಬಲು ಸಾಧು. ಹಗ್ಗ ಹಿಡ್ಕೊಂಡು ಹೊರಟ್ರೆ ಹಿಂದೇನೇ ಬರ್ತಾಳೆ, ಮಕ್ಕಳು ಮೈ ಸವರಿದ್ರೂ ಸುಮ್ನಿರ್ತಾಳೆ.

ಕಟ್ಟಿದ್ರೆ ಮಾತ್ರ ಬೇರೆ ಕುದುರೆ. ಮೊದಲು ಮುಂಗಾಲಲ್ಲಿ ನೆಲ ಕೆರೀತಾಳೆ. ಆಮೇಲೆ ಆ ಕಡೆ ಈ ಕಡೆ ತಿರುಗ್ತಾಳೆ. ಇದ್ದಕ್ಕಿದ್ದಂಗೆ ತಲೆ ಎತ್ತಿ, ಹಿಂಗಾಲು ಮಡಚಿ, ಇಡೀ ಮೈ ಭಾರ ಹಿಂದಕ್ಕೆ ಹಾಕಿ ಜಗ್ಗಿಬಿಡ್ತಾಳೆ. ಏನಾದ್ರೂ ಒಂದು ಕಿತ್ಕೊಂಡು ಬರೋವರೆಗೂ ಬಿಡಲ್ಲ. ಹೋದ ವಾರ ಹೆಡ್‌ಕಾಲರಿನ (ತಲೆಗೆ ಹಾಕೋ ಪಟ್ಟಿ) ಬಕಲ್ ಮುರಿದು ಪಕ್ಕದವರ ಸೊಪ್ಪಿನ ಮಡಿಗೆ ನುಗ್ಗಿದ್ಲು. ಕಿತ್ಕೊಂಡ ಮೇಲೆ ದೂರ ಏನೂ ಹೋಗಲ್ಲ, ನಿಂತು ಮೇಯ್ತಾಳೆ! ಲಾಳ ಹೊಡೆಸೋ ಟೈಮ್ ಬೇರೆ ಬಂತು. ದಪ್ಪ ನೈಲಾನ್ ಹಗ್ಗ ತಂದಿದೀನಿ, ಕಟ್ಟಬಹುದಾ? ಗೊತ್ತಿರೋರು ದಾರಿ ಹೇಳಿ.

ಹಳ್ಳಿಕಾರ್_ಶಿರಾ:
ಅಣ್ಣ, ಇದಕ್ಕೆಲ್ಲಾ ಯಾಕೆ ತಲೆ ಕೆಡಿಸ್ಕೋತೀರ. ಒಳ್ಳೆ ಹುಣಸೆ ಮರ ನೋಡಿ, ಕೈ ದಪ್ಪದ ಹಗ್ಗ ತಗಂಡು ಬೆಳಗ್ಗೆ ಕಟ್ಟಿ, ಸಂಜೆ ಹೋಗಿ ನೋಡಿ. ಜಗ್ಗಿ ಜಗ್ಗಿ ಸಾಕಾಗಿ ತಾನೇ ನಿಲ್ತದೆ. ನಮ್ಮ ಕಡೆ ಹೋರಿಗಳನ್ನ ಹಂಗೇ ಪಳಗಿಸೋದು.

ಕುಣಿಗಲ್_ಲಾಯ:
ಗೌಡ್ರೇ, ಹೋರಿಗೆ ಮೂಗುದಾರ ಇರುತ್ತೆ. ಜಗ್ಗಿದ್ರೆ ಮೂಗು ನೋಯುತ್ತೆ, ಅದೇ ಮುಂದಕ್ಕೆ ಬರುತ್ತೆ. ಕುದುರೆಗೆ ಹಗ್ಗದ ಒತ್ತಡ ಬೀಳೋದು ಕಿವಿ ಹಿಂದೆ, ನೆತ್ತಿ ಮೇಲೆ. ಅಲ್ಲಿ ಒತ್ತಿದ್ರೆ ಕಲಿಸದೇ ಇರೋ ಕುದುರೆ ಬಗ್ಗಲ್ಲ, ಎದುರಿಗೆ ಇನ್ನೂ ಜೋರಾಗಿ ಜಗ್ಗುತ್ತೆ. ಅದರ ಹುಟ್ಟುಗುಣ ಅದು. ಓಡಿ ಜೀವ ಉಳಿಸ್ಕೊಳ್ಳೋ ಪ್ರಾಣಿ, ತಲೆ ಸಿಕ್ಕಿಹಾಕ್ಕೊಂಡ್ರೆ ಸತ್ತೆ ಅಂದ್ಕೊಳುತ್ತೆ. ಹುಣಸೆ ಮರ ಬಗ್ಗಲ್ಲ, ಹಗ್ಗ ಹರಿಯಲ್ಲ ಅಂದ್ರೆ ಕೊನೆಗೆ ಹೋಗೋದು ಕುದುರೆ ಕುತ್ತಿಗೆ.

ಗುಬ್ಬಿ ಅಣ್ಣ, ಮೊದಲು ಎರಡು ವಿಷಯ ಹೇಳಿ. ಎಲ್ಲಿಗೆ ಕಟ್ತೀರ, ಎಷ್ಟು ಎತ್ತರದಲ್ಲಿ? ಸುತ್ತಮುತ್ತ ಬೇರೆ ಕುದುರೆ ಐತಾ? ಆ ನೈಲಾನ್ ಹಗ್ಗ ಸದ್ಯಕ್ಕೆ ಬೇಡ, ಪಕ್ಕಕ್ಕಿಡಿ.

ತೋಟದಮನೆ_ಗುಬ್ಬಿ:
ಕೊಟ್ಟಿಗೆ ಪಕ್ಕದಲ್ಲೇ. ಹಸು ಕಟ್ಟೋ ಗೂಟ ಐತಲ್ಲ, ನೆಲಕ್ಕೆ ಹೊಡೆದಿರೋದು, ಅದಕ್ಕೇ. ಎರಡು ಮಾರು ಹಗ್ಗ ಬಿಡ್ತೀನಿ, ಆಡ್ಲಿ ಅಂತ. ಹೆಡ್‌ಕಾಲರ್ ಮುರಿದ ಮೇಲೆ ಹಸು ಕಟ್ಟೋ ಕಣ್ಣಿ ಹಗ್ಗಾನೇ ಕೊರಳಿಗೆ ಹಾಕಿದೀನಿ. ಬೇರೆ ಕುದುರೆ ಇಲ್ಲ, ಹಸು ಎರಡು, ಒಂದು ಕರು.

ಕುಣಿಗಲ್_ಲಾಯ:
ಸಿಕ್ತು ನೋಡಿ. ಅರ್ಧ ಕಾಯಿಲೆ ಗೂಟದಲ್ಲೇ ಐತೆ.

ಹಸು ತಲೆ ಬಗ್ಗಿಸಿ ಮೇಯ್ದು, ಮಲಗಿ, ಮೆಲುಕು ಹಾಕುತ್ತೆ, ಅದಕ್ಕೆ ನೆಲದ ಗೂಟ ಸರಿ. ಕುದುರೆಗೆ ನೆಲಮಟ್ಟದಲ್ಲಿ ಕಟ್ಟಿದ್ರೆ ಎರಡು ತೊಂದರೆ. ಒಂದು, ಗೂಟ ಕೆಳಗಿದ್ದಷ್ಟೂ ಹಿಂದಕ್ಕೆ ಜಗ್ಗೋಕೆ ಮೈಯ ಬಲವೆಲ್ಲಾ ಸಿಗುತ್ತೆ. ಎರಡನೇದು, ಎರಡು ಮಾರು ಹಗ್ಗದಲ್ಲಿ ಮುಂಗಾಲು ಸಿಕ್ಕೋದು ಗ್ಯಾರಂಟಿ. ಕಾಲು ಸಿಕ್ಕಿದ ಕುದುರೆ ಗಾಬರಿ ಬಿದ್ದು ಒದ್ದಾಡಿದ್ರೆ ಹಗ್ಗ ಚರ್ಮ ದಾಟಿ ನರದವರೆಗೂ ಇಳಿಯುತ್ತೆ. ನೈಲಾನ್ ಆದ್ರಂತೂ ಸುಟ್ಟಂಗೇ ಆಗುತ್ತೆ.

ಕಟ್ಟೋ ಜಾಗ ಅವಳ ಹೆಗಲಿನ ಎತ್ತರಕ್ಕಿರಲಿ, ಸ್ವಲ್ಪ ಮೇಲಿದ್ರೂ ಆಯ್ತು. ಗಂಟಿಂದ ಗದ್ದದವರೆಗೆ ಎರಡು, ಎರಡೂವರೆ ಅಡಿ ಹಗ್ಗ ಸಾಕು. ತಲೆ ಆರಾಮಾಗಿ ಆಡ್ಬೇಕು, ಹಗ್ಗ ಮಂಡಿವರೆಗೂ ಜೋತು ಬೀಳಬಾರದು. ಮತ್ತೆ ಆ ಕಣ್ಣಿ ಇವತ್ತೇ ತೆಗೀರಿ.

ಪಶುವೈದ್ಯೆ_ಮಾಲೂರು:
ಕಣ್ಣಿಯ ವಿಷಯಕ್ಕೆ ನಾನೂ ದನಿಗೂಡಿಸುತ್ತೇನೆ. ಕೋಲಾರದ ಹಳ್ಳಿಗಳಲ್ಲಿ ಕುದುರೆ ಇಟ್ಟುಕೊಂಡವರ ಹತ್ತಿರ ಇದನ್ನೇ ಹೆಚ್ಚಾಗಿ ನೋಡುತ್ತೇನೆ. ಸರಗುಣಿಕೆ ಹಾಕಿ ಕೊರಳಿಗೆ ಬಿಗಿದ ಹಗ್ಗ ಕುದುರೆ ಜಗ್ಗಿದಷ್ಟೂ ಬಿಗಿಯುತ್ತದೆ. ಶ್ವಾಸನಾಳ ಒತ್ತಿ ಉಸಿರು ಸಿಕ್ಕದೆ ಇನ್ನಷ್ಟು ಗಾಬರಿ, ಇನ್ನಷ್ಟು ಎಳೆತ. ಕಟ್ಟುವುದಾದರೆ ಸರಿಯಾದ ಅಳತೆಯ ಹೆಡ್‌ಕಾಲರ್‌ಗೇ ಕಟ್ಟಿ. ಮೂಗಿನ ಪಟ್ಟಿ ಕೆನ್ನೆಯ ಮೂಳೆಯ ಕೆಳಗೆ ಎರಡು ಬೆರಳು ಬಿಟ್ಟು ಕೂರಬೇಕು. ಇನ್ನೂ ಕೆಳಕ್ಕೆ ಜಾರಿದರೆ ಮೂಗಿನ ಮೆದುಮೂಳೆಯ ಮೇಲೆ ಬೀಳುತ್ತದೆ.

ಇನ್ನೊಂದು ಮಾತು. ತರಬೇತಿ ಶುರು ಮಾಡುವ ಮೊದಲು ಅವಳಿಗೆ ನೋವಿದೆಯಾ ನೋಡಿ. ಪದೇ ಪದೇ ಜಗ್ಗಿದ ಕುದುರೆಗೆ ಕಿವಿಯ ಹಿಂದೆ, ಕತ್ತಿನ ಮೊದಲ ಮೂಳೆಯ ಹತ್ತಿರ ಊತ ಇರಬಹುದು. ಬೆರಳಿನಿಂದ ಮೆಲ್ಲಗೆ ಒತ್ತಿ. ತಲೆ ಸರ್ರನೆ ಎತ್ತಿದರೆ, ಕಣ್ಣು ಮಿಟುಕಿಸಿದರೆ ಅಲ್ಲಿ ನೋವಿದೆ ಎಂದೇ ಅರ್ಥ. ಕಿವಿಯೊಳಗೆ ಉಣ್ಣೆ ಹುಳ ಸೇರಿಕೊಂಡಿದ್ದರೂ ತಲೆಗೆ ಹಗ್ಗ ತಾಗಿಸಲು ಬಿಡುವುದಿಲ್ಲ. ನೋವಿರುವ ಜಾಗದ ಮೇಲೆಯೇ ಪಟ್ಟಿ ಹಾಕಿ ಪಾಠ ಹೇಳಿದರೆ ಅದು ಕಲಿಯುವುದಿಲ್ಲ, ನಿಮ್ಮನ್ನು ನಂಬುವುದೂ ಬಿಡುತ್ತದೆ.

ಹಳ್ಳಿಕಾರ್_ಶಿರಾ:
ಸರಿ ಮೇಡಂ, ಕಣ್ಣಿ ಬೇಡ ಅನ್ನಿ. ಕಡಿವಾಣ ಐತಲ್ಲ, ಎತ್ತಿಗೆ ಮೂಗುದಾರ ಇದ್ದಂಗೆ. ಬಾಯಲ್ಲಿ ಕಬ್ಬಿಣ ಹಾಕಿ ಲಗಾಮಿಗೇ ಕಟ್ಟಿದ್ರೆ ಜಗ್ಗಕ್ಕೇ ಹೋಗಲ್ಲ.

ಪಶುವೈದ್ಯೆ_ಮಾಲೂರು:
ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕಡಿವಾಣ ಕೂರುವುದು ಮುಂದಿನ ಹಲ್ಲು ಮತ್ತು ದವಡೆ ಹಲ್ಲಿನ ನಡುವೆ ಹಲ್ಲೇ ಇಲ್ಲದ ಸಂದಿನಲ್ಲಿ. ಅಲ್ಲಿ ಮೂಳೆಯ ಮೇಲೆ ತೆಳು ಚರ್ಮವಷ್ಟೇ ಇರುವುದು. ಲಗಾಮಿಗೆ ಕಟ್ಟಿದ ಕುದುರೆ ಬೆಚ್ಚಿ ಹಿಂದಕ್ಕೆ ಎಸೆದರೆ ನಾಲಿಗೆ ಸೀಳುತ್ತದೆ, ದವಡೆಯ ಮೂಳೆಯೂ ಬಿರಿಯಬಹುದು. ಲಗಾಮು ಇರುವುದು ಸವಾರನ ಕೈಗೆ, ಕಂಬಕ್ಕಲ್ಲ.

ಶಿಡ್ಲಘಟ್ಟ_ರೇಷ್ಮೆ:
ನಮ್ಮದೂ ಮೆರವಣಿಗೆ ಕುದುರೆನೇ. ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕಲ್ಯಾಣ ಮಂಟಪದ ಮುಂದೆ ಡ್ರೈವರುಗಳು ಲಗಾಮನ್ನ ಕಾರಿನ ಬಂಪರ್‌ಗೆ, ಗೇಟಿಗೆ, ಜನರೇಟರ್ ಗಾಡಿಗೆ ಸಿಕ್ಕಿಸಿ ಕಾಫಿಗೆ ಹೋಗ್ತಾರೆ. ಕುದುರೆ ಜಗ್ಗಿದ್ರೆ ಗೇಟೇ ಕಿತ್ಕೊಂಡು ಬರುತ್ತೆ. ಹಿಂದೆ ಏನೋ ಅಟ್ಟಿಸ್ಕೊಂಡು ಬಂದಂಗೆ ಆಗಿ ಜನರ ಮಧ್ಯೆ ಓಡುತ್ತೆ. ಕಟ್ಟೋ ವಸ್ತು ಅಲ್ಲಾಡಬಾರದು, ಕಳಚಬಾರದು. ಇದು ಮೊದಲ ಪಾಠ. ಅಣ್ಣನ ಕುದುರೆ ಮದುವೆಯಿಂದ ಬಂದಿದ್ರೆ ಪಟಾಕಿ ಹೊತ್ತಲ್ಲಿ ಎಲ್ಲೋ ಕಟ್ಟಿ ಹೆದರಿಸಿರಬಹುದು.

ಜಟಕಾಸ್ಟ್ಯಾಂಡ್_ಚಿಂತಾಮಣಿ:
ನಮ್ಮ ಅಬ್ಬಾ ಜಟಕಾ ಓಡಿಸ್ತಿದ್ರು. ಬಸ್ ಸ್ಟ್ಯಾಂಡ್ ಹತ್ರ ಸಾಲಾಗಿ ಗಾಡಿ ನಿಂತಿರ್ತಿತ್ತು, ಎಲ್ಲಾ ಕುದುರೆ ಕಣ್ಣು ಮುಚ್ಚಿ ತೂಕಡಿಸ್ತಿದ್ವು. ಹುಡುಗರಾಗಿ ನಾವು ನೋಡಿ ನೋಡಿ ಬೆಳೆದೋರು, ಅದೇನು ದೊಡ್ಡ ವಿಷಯ ಅಂತ ಅನಿಸ್ತಿರಲಿಲ್ಲ. ಈಗ ಯೋಚನೆ ಮಾಡಿದ್ರೆ ಗೊತ್ತಾಗುತ್ತೆ, ಅದರ ಹಿಂದೆ ಎಷ್ಟು ಏರ್ಪಾಡು ಇತ್ತು ಅಂತ. ಕಣ್ಣಿಗೆ ಪಟ್ಟಿ, ಪಕ್ಕದ್ದು ಕಾಣಲ್ಲ. ಮೂತಿಗೆ ಹುರುಳಿ ಚೀಲ. ಮುಂದೆ ಹಿಂದೆ ಜೊತೆ ಕುದುರೆಗಳು. ಬೆಳಗ್ಗೆಯಿಂದ ನಾಲ್ಕು ಬಾಡಿಗೆ ಹೊಡೆದು ಮೈ ದಣಿದಿರೋದು. ಅಂಥ ಕುದುರೆ ನಿಲ್ದೆ ಇನ್ನೇನ್ ಮಾಡುತ್ತೆ?

ರಾತ್ರಿ ಲಾಯದಲ್ಲಿ ಬೇರೆ ರೀತಿ. ತಲೆಗೆ ಎರಡು ಹಗ್ಗ ಎರಡು ಗೂಟಕ್ಕೆ, ಹಿಂಗಾಲಿಗೆ ಪಟ್ಟಿ ಹಾಕಿ ಉದ್ದ ಹಗ್ಗ ಹಿಂದಿನ ಗೂಟಕ್ಕೆ. ಅಗಾಡಿ ಪಿಛಾಡಿ ಅಂತಿದ್ರು. ಹಳೇ ಕಾಲದ ಕುದುರೆ ಪಡೆಗಳಲ್ಲೂ ಇದೇ ಪದ್ಧತಿ. ಮರಿಯಿಂದ ರೂಢಿ ಆದ ಕುದುರೆಗೆ ನಡೀತಿತ್ತು. ಬೆಳೆದ ಕುದುರೆಗೆ, ಅದೂ ಜಗ್ಗೋ ಚಾಳಿ ಇರೋದಕ್ಕೆ, ಒಂದೇ ಸಲ ಹಿಂಗಾಲು ಕಟ್ಟಕ್ಕೆ ಹೋಗ್ಬೇಡಿ. ಬಿದ್ದು ಸೊಂಟ ಮುರ್ಕೊಳ್ಳುತ್ತೆ.

ತೋಟದಮನೆ_ಗುಬ್ಬಿ:
ಕಣ್ಣಿ ತೆಗೆದೆ. ತುಮಕೂರಿಂದ ಹೊಸ ಹೆಡ್‌ಕಾಲರ್, ದಪ್ಪ ಹತ್ತಿ ಹಗ್ಗ ತರಿಸಿದೆ. ಮೇಡಂ ಹೇಳಿದಂಗೆ ಒತ್ತಿ ನೋಡಿದೆ, ಎಡಗಿವಿ ಹಿಂದೆ ಸ್ವಲ್ಪ ದಪ್ಪ ಐತೆ, ಮುಟ್ಟಿದ್ರೆ ತಲೆ ಎತ್ತಾಳೆ.

ಪಶುವೈದ್ಯೆ_ಮಾಲೂರು:
ಹಾಗಿದ್ದರೆ ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ತೋರಿಸಿ, ಊತ ಇಳಿಯುವ ತನಕ ಕಟ್ಟುವ ಪಾಠ ಬೇಡ. ಎಲ್ಲಾದರೂ ಚರ್ಮ ತರಚಿದ್ದರೆ ಧನುರ್ವಾಯು ಇಂಜೆಕ್ಷನ್ ಆಗಿದೆಯೇ ಕೇಳಿಕೊಳ್ಳಿ. ಧನುರ್ವಾಯು ತಗುಲುವುದರಲ್ಲಿ ಕುದುರೆ ಬಹಳ ಸೂಕ್ಷ್ಮ, ಸಗಣಿ ಗೊಬ್ಬರ ಇರುವ ಕೊಟ್ಟಿಗೆಯಲ್ಲಿ ಇನ್ನೂ ಎಚ್ಚರ ಬೇಕು.

ಕುಣಿಗಲ್_ಲಾಯ:
ಊತ ಇಳೀಲಿ. ಅಷ್ಟರಲ್ಲಿ ಬರೆದಿಡ್ತೀನಿ, ಉದ್ದ ಆಗುತ್ತೆ, ಓದ್ಕೊಳ್ಳಿ.

ನಮ್ಮೂರು ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು. ಇಲ್ಲಿ ಲಾಯದ ಕೆಲಸ ಮಾಡಿದ ಮನೆ ಬೇಕಾದಷ್ಟಿವೆ. ಹಳಬರು ಹೇಳೋದು ಒಂದೇ, ಕುದುರೆನ ಕಟ್ಟೋ ಮೊದಲು ಹಗ್ಗಕ್ಕೆ ಸೋಲೋದು ಕಲಿಸು ಅಂತ. ಮರಿ ಹುಟ್ಟಿದ ಕೆಲವೇ ದಿನಕ್ಕೆ ಮೆತ್ತನೆ ಪಟ್ಟಿ ಹಾಕಿ ತಾಯಿ ಜೊತೆ ನಡೆಸೋದು ಅದಕ್ಕೇ. ನಿಮ್ಮ ಕುದುರೆ ಕರೆದ ಕಡೆ ಬರ್ತಾಳೆ ನಿಜ. ಆದ್ರೆ ನಿಮ್ಮನ್ನ ನೋಡಿ ಬರ್ತಾಳೋ, ಹಗ್ಗ ಹೇಳಿದ್ದಕ್ಕೆ ಬರ್ತಾಳೋ? ನನಗನ್ಸೋದು ನಿಮ್ಮನ್ನ ನೋಡಿ. ಕಂಬ ನಡೆಯಲ್ಲವಲ್ಲ, ಅಲ್ಲಿ ಅವಳಿಗೆ ದಾರಿ ತಿಳಿಯಲ್ಲ.

ಹೆಡ್‌ಕಾಲರ್ ಹಾಕಿ ಬಯಲಲ್ಲಿ ನಿಲ್ಸಿ. ಎದುರಿಗೆ ನಿಲ್ಬೇಡಿ, ಹೆಗಲ ಪಕ್ಕ ನಿಲ್ಲಿ. ಹಗ್ಗ ಗದ್ದದ ಹತ್ರ ಹಿಡಿದು ಕೆಳಕ್ಕೆ ಸ್ವಲ್ಪ ಭಾರ ಹಾಕಿ, ಎಳೀಬೇಡಿ, ಜಗ್ಗಬೇಡಿ, ಸುಮ್ನೆ ಭಾರ. ಅವಳು ತಲೆ ಎತ್ತಿ ವಿರೋಧ ಮಾಡ್ತಾಳೆ. ಮಾಡ್ಲಿ. ಭಾರ ಹೆಚ್ಚಿಸ್ಬೇಡಿ, ಕಮ್ಮಿನೂ ಮಾಡ್ಬೇಡಿ. ಯಾವ ಗಳಿಗೆಯಲ್ಲಿ ಮೂತಿ ಒಂದು ಬೆರಳಷ್ಟು ಕೆಳಗೆ ಬಂತೋ ಆ ಗಳಿಗೆಯಲ್ಲೇ ಕೈ ಸಡಿಲ ಬಿಡಿ. ಎಲ್ಲಾ ಇರೋದು ಆ ಬಿಡೋದ್ರಲ್ಲೇ. ಒಂದೆರಡು ಸೆಕೆಂಡ್ ತಡ ಮಾಡಿದ್ರೂ ಯಾಕೆ ಬಿಟ್ರು ಅಂತ ಅದಕ್ಕೆ ಗೊತ್ತಾಗಲ್ಲ. ಕೆಳಕ್ಕೆ ಬಂದ್ಮೇಲೆ ಮುಂದಕ್ಕೆ ಕೇಳಿ, ಒಂದು ಹೆಜ್ಜೆ. ಆಮೇಲೆ ಎಡಕ್ಕೆ, ಬಲಕ್ಕೆ. ಹಗ್ಗ ಬಿಗಿ ಆಯ್ತು ಅನ್ನೋಷ್ಟರಲ್ಲಿ ತಾನೇ ಆ ಕಡೆ ಬಂದು ಸಡಿಲ ಮಾಡ್ಕೋಬೇಕು. ನೀವು ದೂರ ನಿಂತು ಉದ್ದ ಹಗ್ಗದಲ್ಲಿ ಕೇಳಿದ್ರೂ ಬರ್ಬೇಕು. ಇದಿಷ್ಟು ಆಗೋವರೆಗೂ ಕಂಬದ ಮಾತೇ ಬೇಡ.

ನಂದಿತಪ್ಪಲು:
ಲಾಯದ ಅಣ್ಣ ಹೇಳಿದ್ದರ ಮುಂದಿನ ಭಾಗ ನಾನು ಬರೀತೀನಿ, ನಾವು ಚಿಕ್ಕಬಳ್ಳಾಪುರದ ಹತ್ರ ಸವಾರಿ ಕುದುರೆ ಇಟ್ಕೊಂಡಿದೀವಿ, ಇದು ದಿನಾ ಮಾಡೋ ಕೆಲಸ.

ಕಂಬಕ್ಕೆ ತಂದ ಮೇಲೂ ಕಟ್ಟಬೇಡಿ. ಇಪ್ಪತ್ತು ಇಪ್ಪತ್ತೈದು ಅಡಿ ಹಗ್ಗ ತಗೊಳ್ಳಿ. ಹೆಗಲೆತ್ತರದಲ್ಲಿ ಗಟ್ಟಿಯಾದ ನುಣುಪು ಬಳೆ ಇದ್ದರೆ ಅದರೊಳಗೆ ತೂರಿಸಿ, ಇಲ್ಲ ಅಂದ್ರೆ ಕಂಬದ ಸುತ್ತ ಒಂದು ಸುತ್ತು ಹಾಕಿ, ತುದಿ ನಿಮ್ಮ ಕೈಯಲ್ಲಿರಲಿ. ಗಂಟಿಲ್ಲ. ಕೈಗೆ ಗವಸು ಹಾಕ್ಕೊಳ್ಳಿ, ಹಗ್ಗವನ್ನ ಕೈಗೆ ಸುತ್ಕೋಬೇಡಿ, ಸಾಯೋ ಕೆಲಸ ಅದು. ಅವಳು ಹಿಂದಕ್ಕೆ ಹೋದ್ರೆ ಹಗ್ಗ ಉಜ್ಜಿಕೊಂಡು ಜಾರಲಿ. ಪೂರ್ತಿ ಸಡಿಲ ಬಿಡಬೇಡಿ, ಹಿಡಿದು ನಿಲ್ಲಿಸಲೂ ಬೇಡಿ, ಉಜ್ಜಾಟ ಇರಲಿ. ತಲೆ ಲಾಕ್ ಆಗಿಲ್ಲ ಅಂತ ಗೊತ್ತಾದ ಕೂಡಲೇ ಗಾಬರಿ ಇಳಿಯುತ್ತೆ, ನಿಲ್ತಾಳೆ. ನಿಂತಾಗ ಹಗ್ಗಕ್ಕೆ ಮೆಲ್ಲಗೆ ಭಾರ ಕೊಟ್ಟು ಮುಂದಕ್ಕೆ ಕೇಳಿ. ಬಯಲಲ್ಲಿ ಕಲಿತಿದ್ದು ಈಗ ಕೆಲಸಕ್ಕೆ ಬರುತ್ತೆ. ಬಂದ್ರೆ ಸಡಿಲ. ಕೆಲವು ದಿನ ಹೀಗೇ ನಡೆಸಿ. ಒಂದು ಸುತ್ತಿಗೆ ನಿಲ್ಲೋ ಕುದುರೆಗೆ ಎರಡು ಸುತ್ತು ಹಾಕಿದ್ರೆ ಉಜ್ಜಾಟ ಜಾಸ್ತಿ ಆಗುತ್ತೆ, ಕಟ್ಟಿದಷ್ಟೇ ಹತ್ತಿರ.

ನಮ್ಮ ಕಡೆ ದ್ರಾಕ್ಷಿ ತೋಟದ ಕಲ್ಲುಕೂಚ ಎಲ್ಲಾ ಕಡೆ ಇರುತ್ತೆ, ಗಟ್ಟಿ ಕಾಣುತ್ತೆ ಅಂತ ಕುದುರೆ ಕಟ್ತಾರೆ. ಬೇಡವೇ ಬೇಡ. ಎರಡಡಿ ಹೂತಿರೋ ಚಪ್ಪಡಿ, ಪಕ್ಕಕ್ಕೆ ಜಗ್ಗಿದ್ರೆ ಬುಡದಲ್ಲಿ ಲಟಕ್ ಅಂತ ಮುರಿದು ಅವಳ ಮೇಲೇ ಬೀಳುತ್ತೆ. ಅಂಚು ಹಗ್ಗಾನೂ ಕೊಯ್ಯುತ್ತೆ. ಬೇರುಬಿಟ್ಟ ಹೊಂಗೆ ಮರ ಅದಕ್ಕಿಂತ ವಾಸಿ, ಕಾಂಡಕ್ಕೆ ಗೋಣಿಚೀಲ ಸುತ್ತಿ. ನೆರಳೂ ಸಿಗುತ್ತೆ.

ಶಿಡ್ಲಘಟ್ಟ_ರೇಷ್ಮೆ:
ಟ್ಯೂಬ್ ಬಗ್ಗೆ ಯಾರೂ ಹೇಳಲಿಲ್ಲ. ಮರಕ್ಕೆ ಹಳೇ ಟ್ಯೂಬ್ ಸುತ್ತಿ, ಆ ಟ್ಯೂಬಿಗೆ ಹಗ್ಗ ಕಟ್ತೀವಿ ನಾವು. ಜಗ್ಗಿದ್ರೆ ಬಗ್ಗುತ್ತೆ, ಬಿಟ್ರೆ ವಾಪಸ್ ಎಳ್ಕೊಳುತ್ತೆ. ಪಂಕ್ಚರ್ ಅಂಗಡೀಲಿ ಪುಗಸಟ್ಟೆ ಸಿಗುತ್ತೆ.

ಕುಣಿಗಲ್_ಲಾಯ:
ಟ್ಯೂಬ್ ಕೆಟ್ಟದ್ದಲ್ಲ, ಜಗ್ಗಿದ ಏಟು ಕುತ್ತಿಗೆಗೆ ನೇರ ಹೊಡೆಯಲ್ಲ. ಬಿಸಿಲಿಗೆ ಸೀಳಿದ ಟ್ಯೂಬ್ ಮಾತ್ರ ಬೇಡ. ಹರಿದ್ರೆ ಹಗ್ಗದ ತುದೀಲಿರೋ ಕಬ್ಬಿಣದ ಕೊಕ್ಕೆ ಕವಣೆ ಕಲ್ಲಿನಂಗೆ ಹಾರಿ ಕಣ್ಣಿಗೆ ಬೀಳುತ್ತೆ, ಅವಳದ್ದೋ ನಿಮ್ಮದೋ. ಆಗಾಗ ಬದಲಾಯಿಸಿ.

ಮಧುಗಿರಿ_ಏಕಶಿಲೆ:
ನಾನು ಓದಿದ ಪ್ರಕಾರ ಸುತಲಿ ದಾರದ ಕುಣಿಕೆ ಮಾಡಿ ಅದಕ್ಕೆ ಕಟ್ಟಬೇಕು, ಜೋರಾಗಿ ಜಗ್ಗಿದ್ರೆ ದಾರ ಹರಿದು ಕುದುರೆಗೆ ಏನೂ ಆಗಲ್ಲ. ಇದು ಎಲ್ಲಕ್ಕಿಂತ ಸೇಫ್ ಅಲ್ವಾ?

ಪಶುವೈದ್ಯೆ_ಮಾಲೂರು:
ಗಾಯದ ದೃಷ್ಟಿಯಿಂದ ನೋಡಿದರೆ ಹೌದು. ಮುರಿದ ಕುತ್ತಿಗೆಗಿಂತ ಹರಿದ ಸುತಲಿ ಮೇಲು.

ಕುಣಿಗಲ್_ಲಾಯ:
ಮೇಡಂ ಮಾತಿಗೆ ಎದುರಾಡ್ತಿಲ್ಲ, ಆದ್ರೆ ಈ ಕುದುರೆಗೆ ಸುತಲಿ ವಿಷ. ಯಾಕೆ ಅಂದ್ರೆ ಅವಳು ಈಗಾಗಲೇ ಕಲಿತಿರೋ ಪಾಠವೇ ಅದು: ಜಗ್ಗು, ಏನೋ ಹರಿಯುತ್ತೆ, ಬಿಡುಗಡೆ. ಕಿತ್ಕೊಂಡ ಮೇಲೆ ದೂರ ಓಡಲ್ಲ, ನಿಂತು ಮೇಯ್ತಾಳೆ ಅಂತ ಅಣ್ಣನೇ ಬರೆದಿದಾರಲ್ಲ. ಹೆದರಿಕೆಯಿಂದ ಶುರುವಾಗಿ ಈಗ ಅರ್ಧ ಅಭ್ಯಾಸ ಆಗಿದೆ. ಬಕಲ್ ಮುರಿದಾಗ ಒಂದ್ಸಲ ಗೆದ್ಲು, ಸುತಲಿ ದಿನಾ ಗೆಲ್ಲಿಸುತ್ತೆ.

ಪಶುವೈದ್ಯೆ_ಮಾಲೂರು:
ಸರಿ, ಒಪ್ಪಿದೆ, ಒಂದು ಷರತ್ತಿನ ಮೇಲೆ. ಕಲಿಯುತ್ತಿರುವ ಕುದುರೆಯನ್ನು ಗಂಟು ಹಾಕಿ ಬಿಟ್ಟು ಯಾರೂ ಆಚೆ ಹೋಗಕೂಡದು. ಹಗ್ಗದ ತುದಿ ಮನುಷ್ಯರ ಕೈಯಲ್ಲೇ ಇರಬೇಕು. ಕಲಿತು ಪಕ್ಕಾ ಆದ ಕುದುರೆಗೆ, ಅದರಲ್ಲೂ ಹೊಸ ಜಾಗಕ್ಕೆ ಕರೆದೊಯ್ದಾಗ, ಸುತಲಿಯ ಕುಣಿಕೆ ಇರಲಿ. ಹಾಗಾದರೆ ಇಬ್ಬರ ಮಾತೂ ನಿಲ್ಲುತ್ತದೆ.

ಹಳ್ಳಿಕಾರ್_ಶಿರಾ:
ನೀವೆಲ್ಲಾ ಹಿಂಗೆ ಮುದ್ದು ಮಾಡಿದ್ರೆ ಅದು ತಲೆ ಮೇಲೆ ಕೂರ್ತದೆ ನೋಡ್ತಿರಿ. ಹುಣಸೆ ಮರಕ್ಕೆ ಕಟ್ಟಿ ಪಳಗಿಸಿದ ಕುದುರೆ ನಾನೂ ಕಂಡಿದೀನಿ, ಚೆನ್ನಾಗೇ ನಿಲ್ತಾವೆ.

ಜಟಕಾಸ್ಟ್ಯಾಂಡ್_ಚಿಂತಾಮಣಿ:
ನಿಲ್ತಾವೆ ಗೌಡ್ರೇ, ಇಲ್ಲ ಅನ್ನಲ್ಲ. ನಿಲ್ಲದೇ ಇದ್ದ ಕುದುರೆಗಳು ಏನಾದ್ವು ಅಂತ ಯಾರೂ ಲೆಕ್ಕ ಇಟ್ಟಿಲ್ಲ ಅಷ್ಟೇ. ಕುತ್ತಿಗೆ ಸೊಟ್ಟ ಆದ ಕುದುರೆ ನಮ್ಮ ಸ್ಟ್ಯಾಂಡಲ್ಲೂ ಇತ್ತು.

ನಿರ್ವಾಹಕ:
ಇಬ್ಬರೂ ಹಿರಿಯರು, ಹುಣಸೆ ಮರದ ಚರ್ಚೆ ಇಲ್ಲಿಗೆ ಸಾಕು. ವಿಷಯಕ್ಕೆ ಬನ್ನಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅತಿ ಗಿಡ್ಡ ಅಥವಾ ಅತಿ ಭಾರದ ಹಗ್ಗ, ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಹಾಕುವುದೂ ಅಪರಾಧ ಅಂತಲೇ ಇದೆ. ನೆನಪಿರಲಿ.

ತೋಟದಮನೆ_ಗುಬ್ಬಿ:
ಊತ ಇಳೀತು, ಡಾಕ್ಟ್ರು ನೋಡಿದ್ರು. ಬಯಲಲ್ಲಿ ತಲೆ ತಗ್ಗಿಸೋದು ಶುರು ಮಾಡಿದೆ. ಮೊದಮೊದಲು ನನ್ನ ಕೈಗೂ ಅವಳ ಕುತ್ತಿಗೆಗೂ ಜಿದ್ದು ಬಿದ್ದಂಗಿತ್ತು, ಈಗ ಎರಡು ಬೆರಳಲ್ಲಿ ಹಗ್ಗ ಹಿಡಿದ್ರೆ ಸಾಕು, ಮೂತಿ ಮೊಣಕಾಲ ಹತ್ರ ಬರುತ್ತೆ. ಹೊಂಗೆ ಮರಕ್ಕೆ ಗೋಣಿ ಸುತ್ತಿ ಹಗ್ಗ ಒಂದು ಸುತ್ತು ಹಾಕ್ದೆ. ಒಂದೆರಡು ಸಲ ಹಿಂದಕ್ಕೆ ಹೋದ್ಲು, ಹಗ್ಗ ಜಾರ್ತು, ನಿಂತು ನನ್ನ ಮುಖ ನೋಡಿದ್ಲು. ಈಗ ಜಗ್ಗೋದು ಕಮ್ಮಿ. ಆದ್ರೆ ನೆಲ ಕೆರೆಯೋದು ಹಂಗೇ ಐತೆ, ಮರದ ಬುಡದಲ್ಲಿ ಗುಂಡಿ ಬಿದ್ದೈತೆ. ಗದರಿದ್ರೆ ನಿಲ್ಸ್ತಾಳೆ, ಆ ಕಡೆ ತಿರುಗಿದ್ರೆ ಮತ್ತೆ ಶುರು.

ನಂದಿತಪ್ಪಲು:
ಗದರೋದು ಬಿಡಿ ಅಣ್ಣ. ಅವಳಿಗೆ ಬೇಕಾಗಿರೋದೇ ನೀವು ತಿರುಗಿ ನೋಡೋದು. ಕೆರೀವಾಗ ಹೋಗಿ ಬಿಚ್ಚಿದ್ರೆ ಕೆರೆದ್ರೆ ಬಿಚ್ತಾರೆ ಅಂತ ಕಲೀತಾಳೆ. ಕಾಲು ನೆಲದ ಮೇಲಿಟ್ಟು ಒಂದು ಉಸಿರು ಸುಮ್ಮನಿದ್ಲಾ, ಆಗ ಹೋಗಿ ಬಿಚ್ಚಿ. ಮೊದಲು ಒಂದೇ ಉಸಿರು ಸಾಕು. ಆಮೇಲೆ ಹೊತ್ತು ಹೆಚ್ಚಿಸ್ತಾ ಹೋಗಿ.

ಕಟ್ಟೋ ಸಮಯಾನೂ ಮುಖ್ಯ. ಬೆಳಗ್ಗೆ ಎದ್ದು ಮೈಯೆಲ್ಲಾ ಹುರುಪಿರೋವಾಗ ತಂದು ನಿಲ್ಸಿದ್ರೆ ಯಾವ ಕುದುರೆನೂ ನಿಲ್ಲಲ್ಲ. ಓಡಾಡಿಸಿ, ಬೆವರು ಆರೋವರೆಗೂ ನಡೆಸಿ, ಆಮೇಲೆ ತನ್ನಿ. ಮೈ ತಿಕ್ಕಿ, ಗೊರಸು ಎತ್ತಿ ಮಣ್ಣು ತೆಗೀರಿ. ಕಟ್ಟಿದ ಜಾಗ ಅಂದ್ರೆ ಮೈ ತಿಕ್ಕಿಸ್ಕೊಳ್ಳೋ ಜಾಗ ಅಂತಾಗಬೇಕು. ನಾಲ್ಕು ಹೆಜ್ಜೆ ದೂರ ಹೋಗಿ ಬನ್ನಿ. ಆಮೇಲೆ ಮರೆಗೆ ಹೋಗಿ, ಮರೆಯಿಂದ ನೋಡ್ತಿರಿ. ಅವಳು ಕೂಗೋಕೆ ಮೊದಲೇ ವಾಪಸ್ ಬನ್ನಿ.

ಪಶುವೈದ್ಯೆ_ಮಾಲೂರು:
ಕೆರೆಯುವುದೆಲ್ಲ ಹಟ ಅಲ್ಲ ಅನ್ನುವುದನ್ನೂ ಮರೆಯಬೇಡಿ. ಕುದುರೆಗೆ ಹೊಟ್ಟೆಶೂಲೆ ಬಂದಾಗಲೂ ಮೊದಲು ಮಾಡುವುದು ಅದನ್ನೇ. ಕೆರೆಯುವುದರ ಜೊತೆ ಪದೇ ಪದೇ ತಿರುಗಿ ಪಕ್ಕೆ ನೋಡಿಕೊಂಡರೆ, ಮಲಗಲು ಹೋದರೆ, ಮೇವು ಬಿಟ್ಟರೆ, ಲದ್ದಿ ಹಾಕದಿದ್ದರೆ, ಸುಮ್ಮನೆ ಬೆವತರೆ, ಅದು ತರಬೇತಿಯ ವಿಷಯ ಅಲ್ಲ. ಎಡ ಮುಂಗಾಲಿನ ಮೊಣಕೈ ಹಿಂದೆ ಕೈಯಿಟ್ಟು ಎದೆಬಡಿತ ಎಣಿಸಿ. ಆರಾಮಾಗಿರುವ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44. ವಿಶ್ರಾಂತಿಯಲ್ಲೂ 60 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ.

ಹಸಿವೂ ಒಂದು ಕಾರಣ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಇಡೀ ದಿನ ಒಸರುತ್ತಲೇ ಇರುತ್ತದೆ, ಹಸುವಿನಂತೆ ಮೆಲುಕು ಹಾಕುವ ವ್ಯವಸ್ಥೆ ಅದಕ್ಕಿಲ್ಲ. ಬರೀ ಹೊಟ್ಟೆಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿದರೆ ಹುಣ್ಣಾಗುತ್ತದೆ. ಹೊತ್ತು ಹೆಚ್ಚಿದಂತೆ ಮುಂದೆ ಒಂದಿಷ್ಟು ಒಣಹುಲ್ಲು ಇರಲಿ. ಬಲೆಯಲ್ಲಿ ಹಾಕುವುದಾದರೆ ಖಾಲಿಯಾಗಿ ಜೋತುಬಿದ್ದಾಗಲೂ ಗೊರಸು ಸಿಗದಷ್ಟು ಮೇಲೆ ಕಟ್ಟಿ.

ಬಂಗಾರಪೇಟೆ_ಜಂಕ್ಷನ್:
ನಡುವೆ ಬಾಯಿ ಹಾಕ್ತಿದೀನಿ, ರಾತ್ರಿ ಇಡೀ ಕಟ್ಟಬಹುದಾ? ಕುದುರೆ ನಿಂತೇ ನಿದ್ದೆ ಮಾಡುತ್ತಲ್ಲ.

ಪಶುವೈದ್ಯೆ_ಮಾಲೂರು:
ನಿಂತು ತೂಕಡಿಸುತ್ತದೆ, ಕಾಲಿನ ಕೀಲುಗಳು ಬಿಗಿಯಾಗಿ ಬೀಳದಂತೆ ಹಿಡಿಯುವ ಏರ್ಪಾಡು ಅದರ ಮೈಯಲ್ಲೇ ಇದೆ. ಆದರೆ ಗಾಢ ನಿದ್ದೆಗೆ ಸ್ವಲ್ಪ ಹೊತ್ತಾದರೂ ಮಲಗಲೇಬೇಕು. ಗಿಡ್ಡ ಹಗ್ಗದಲ್ಲಿ ರಾತ್ರಿಯೆಲ್ಲಾ ಕಟ್ಟಿದ ಕುದುರೆ ಕೆಲವು ದಿನಗಳಲ್ಲಿ ನಿಂತಲ್ಲೇ ಮಂಡಿ ಕುಸಿದು ಬೀಳುತ್ತದೆ. ಮುಂಗಾಲಿನ ಗಿಣ್ಣಿನ ಮೇಲೆ ಗಾಯದ ಕಲೆ ಇರುವ ಕುದುರೆ ಸಿಕ್ಕರೆ ಇದೂ ಕಾರಣ ಇರಬಹುದು. ತಲೆಯನ್ನು ಮೇಲಕ್ಕೇ ಕಟ್ಟಿ ಲಾರಿಯಲ್ಲಿ ದೂರ ಸಾಗಿಸಿದರೆ ಕಫ ಕೆಳಗಿಳಿಯದೆ ಶ್ವಾಸಕೋಶಕ್ಕೆ ಸೋಂಕು ತಗುಲುವುದೂ ಉಂಟು. ರಾತ್ರಿಗೆ ಗಟ್ಟಿ ಬೇಲಿಯ ಲಾಯದಲ್ಲಿ ಬಿಡಿ, ಕಟ್ಟಬೇಡಿ.

ಬಂಗಾರಪೇಟೆ_ಜಂಕ್ಷನ್:
ಥ್ಯಾಂಕ್ಸ್ ಮೇಡಂ. ಒಂಟಿ ಕುದುರೆಗೆ ಜೊತೆಗೆ ಮೇಕೆ ಕಟ್ತಾರಂತೆ, ನಿಜನಾ?

ಕುಣಿಗಲ್_ಲಾಯ:
ರೇಸ್ ಲಾಯಗಳಲ್ಲಿ ಮೇಕೆ ಇಡ್ತಾರೆ, ನಿಜ. ಗುಂಪಿನ ಪ್ರಾಣಿ, ಒಂಟಿ ಇದ್ರೆ ಕಳವಳ. ಗುಬ್ಬಿ ಅಣ್ಣನ ಹತ್ರ ಹಸು ಐತಲ್ಲ, ಪಾಠದ ಹೊತ್ತಲ್ಲಿ ಕಾಣೋ ಹಾಗೆ ಕಟ್ಟಿದ್ರೆ ಸಾಕು. ಆಮೇಲೆ ಒಂದೊಂದು ದಿನ ಹಸು ಇಲ್ಲದೆಯೂ ನಿಲ್ಸಿ. ಇಲ್ಲ ಅಂದ್ರೆ ಹಸು ಹೊಡ್ಕೊಂಡು ಲಾಳಕ್ಕೆ ಹೋಗ್ಬೇಕಾಗುತ್ತೆ.

ತೋಟದಮನೆ_ಗುಬ್ಬಿ:
😀 ಅದೊಂದು ಬಾಕಿ ಇತ್ತು. ಗಂಟು ಹಾಕೋ ಹಂತಕ್ಕೆ ಬಂದ್ರೆ ಯಾವ ಗಂಟು?

ನಂದಿತಪ್ಪಲು:
ಜಾರುಗಂಟು. ಹಗ್ಗವನ್ನ ಬಳೆಯೊಳಗೆ ತೂರಿಸಿ. ಕುದುರೆ ಕಡೆಯ ಹಗ್ಗ ಎಡಗೈಲಿರಲಿ. ತುದಿ ಕಡೆಯದ್ದನ್ನ ಅದರ ಮೇಲೆ ಅಡ್ಡ ಹಾಕಿ ಕುಣಿಕೆ ಮಾಡಿ. ಈಗ ತುದಿಯನ್ನ ಪೂರ್ತಿ ತೂರಿಸದೆ, ನಡುವೆ ಮಡಿಸಿ, ಮಡಿಕೆಯನ್ನ ಮಾತ್ರ ಕುಣಿಕೆಯೊಳಗೆ ತಳ್ಳಿ ಕುದುರೆ ಕಡೆಯ ಹಗ್ಗ ಎಳೆದು ಬಿಗೀರಿ. ತುದಿ ಜಗ್ಗಿದ್ರೆ ಒಂದೇ ಏಟಿಗೆ ಬಿಚ್ಕೋಬೇಕು. ಬುದ್ಧಿವಂತ ಕುದುರೆ ತುಟಿಯಲ್ಲೇ ತುದಿ ಹಿಡಿದು ಎಳೆದು ಬಿಚ್ಕೊಳ್ಳುತ್ತೆ, ಅಂಥದ್ದಕ್ಕೆ ತುದಿಯನ್ನ ಮಡಿಕೆಯೊಳಗೆ ಸಡಿಲವಾಗಿ ಹಾಕಿಬಿಡಿ, ತುರ್ತಿಗೆ ಮೊದಲು ಅದನ್ನ ತೆಗೆದು ಎಳೀಬೇಕು. ಗಂಟು ಹಾಕುವಾಗ ಬೆರಳನ್ನ ಹಗ್ಗಕ್ಕೂ ಬಳೆಗೂ ನಡುವೆ ಇಡಬೇಡಿ. ಪೂರ್ತಿ ಭಾರ ಬಿದ್ರೆ ಜಾರುಗಂಟೂ ಕಚ್ಕೊಳ್ಳಬಹುದು, ಒಂದು ಹರಿತ ಕುಡುಗೋಲು ಕೈಗೆ ಸಿಗೋ ಕಡೆ ಸಿಕ್ಕಿಸಿಟ್ಟಿರಿ.

ಹಳ್ಳಿಕಾರ್_ಶಿರಾ:
ಆ ಗಂಟು ನಾವು ಗಾಡಿ ಹೊರೆಗೆ ಹಾಕೋದೇ. ಇದೊಂದು ಒಪ್ಪಿದೆ ತಾಯಿ.

ತೋಟದಮನೆ_ಗುಬ್ಬಿ:
ಈಗ ಎರಡು ಸುತ್ತಲ್ಲಿ ಮೈ ತಿಕ್ಕೋವಷ್ಟು ಹೊತ್ತು ನಿಲ್ತಾಳೆ, ನಾನು ಬಾವಿ ಕಡೆ ಹೋಗಿ ಬಂದ್ರೂ ಜಗ್ಗಲ್ಲ. ಶೀಟಿನ ಮೇಲೆ ತೆಂಗಿನ ಗರಿ ಬಿದ್ರೆ ಇನ್ನೂ ಬೆಚ್ಚಿ ಎರಡು ಹೆಜ್ಜೆ ಹಿಂದಕ್ಕೆ ಹೋಗ್ತಾಳೆ, ಹಗ್ಗ ಬಿಗಿ ಆದ ಕೂಡ್ಲೇ ಮುಂದಕ್ಕೆ ಬರ್ತಾಳೆ. ಗಂಟು ಇನ್ನೂ ಹಾಕಿಲ್ಲ. ಲಾಳದವರು ಮುಂದಿನ ವಾರ ಬರ್ತಾರಂತೆ, ಗೊರಸು ಬಹಳ ಬೆಳೆದೈತೆ, ಮುಂದೂಡಕ್ಕೆ ಆಗಲ್ಲ. ಆವತ್ತು ಕಟ್ಟಲಾ?

ಜಟಕಾಸ್ಟ್ಯಾಂಡ್_ಚಿಂತಾಮಣಿ:
ಕಟ್ಬೇಡಿ ಭಾಯ್. ಹೊಸ ಮನುಷ್ಯ, ಸುತ್ತಿಗೆ ಸದ್ದು, ಒಂದು ಕಾಲು ಮೇಲೆ. ಹಗ್ಗದ ಜೊತೆ ಇಷ್ಟೆಲ್ಲಾ ಒಂದೇ ದಿನ ಹೇರಬಾರದು. ತಲೆ ಹತ್ರ ನೀವೇ ಹಿಡ್ಕೊಂಡು ನಿಲ್ಲಿ, ಲಾಳದವರು ಯಾವ ಪಕ್ಕ ಇರ್ತಾರೋ ಅದೇ ಪಕ್ಕ ನಿಲ್ಲಿ. ಆಗ ಅವಳು ಸರಿದ್ರೆ ತಲೆ ನಿಮ್ಮ ಕಡೆ ಎಳ್ಕೊಂಡ್ರೆ ಸಾಕು, ಹಿಂಭಾಗ ಅವರ ಮೇಲೆ ಬರಲ್ಲ. ಇವತ್ತಿಂದ ದಿನಾ ಗೊರಸು ಎತ್ತಿ ಒಂದು ಕಲ್ಲಲ್ಲಿ ಟಕ್ ಟಕ್ ಅಂತ ಮೆಲ್ಲಗೆ ತಟ್ಟಿ ರೂಢಿ ಮಾಡಿಸಿ. ಮುಂಗಾಲು ಮೊದಲು.

ಕುಣಿಗಲ್_ಲಾಯ:
ಹೌದು. ಲಾಳ 6ರಿಂದ 8 ವಾರಕ್ಕೊಮ್ಮೆ ಹೆಂಗೂ ಬದಲಾಯಿಸ್ಬೇಕು, ಮುಂದಿನ ಸಲಕ್ಕೆ ಕಟ್ಟಿ ನಿಲ್ಸೋಣ. ಯಾವ ದಿನ ಅಂತ ಹೇಳಿ, ಹಿಡ್ಕೊಳ್ಳೋಕೆ ನಾನೂ ಬರ್ತೀನಿ. ಬೆಳಗ್ಗೆ ಹೊತ್ತು ಇಟ್ಕೊಳ್ಳಿ, ಮಧ್ಯಾಹ್ನ ನೊಣದ ಕಾಟ.

ತೋಟದಮನೆ_ಗುಬ್ಬಿ:
ಗುರುವಾರ ಅಂದಿದಾರೆ. ಏಳು ಗಂಟೆಗೆ ಬಂದ್ಬಿಡಿ, ತಿಂಡಿ ಇಲ್ಲೇ.